ಆ ಹುಡುಗಿಯ ಫೋಟೋ ಫಾರ್ವರ್ಡ್ ಮಾಡುವ ಮುನ್ನ: ಸಂತ್ರಸ್ತರ ಜೊತೆ ನಿಜವಾಗಿ ನಿಲ್ಲುವುದು ಯಾರು?

ಇಂಥ ಎರಡು ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರುತ್ತವೆ. ಮೊದಲನೆಯದರಲ್ಲಿ ಒಬ್ಬ ಹುಡುಗಿಯ ಫೋಟೋ ಇರುತ್ತದೆ. ಕೆಳಗೆ ಊರಿನ ಹೆಸರು, ಕೆಲವು ಸಲ ಶಾಲೆಯ ಹೆಸರು. 'ಈ ತಂಗಿಗೆ ನ್ಯಾಯ ಸಿಗುವವರೆಗೂ ಶೇರ್ ಮಾಡಿ' ಎಂಬ ಸಾಲು. ಎರಡನೆಯದು, 'ಐಪಿಸಿ ಸೆಕ್ಷನ್ 233ರ ಪ್ರಕಾರ ಅತ್ಯಾಚಾರಕ್ಕೆ ಬಂದವನನ್ನು ಕೊಲ್ಲುವ ಹಕ್ಕು ಹೆಣ್ಣಿಗಿದೆ, ಹೊಸ ಕಾನೂನು ಬಂದಿದೆ, ಎಲ್ಲರಿಗೂ ಕಳಿಸಿ' ಎಂಬುದು.

ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಮೊದಲನೆಯದನ್ನು ಕಳಿಸುವುದು ಅಪರಾಧವಾಗಬಹುದು. ಎರಡನೆಯದು ಸುಳ್ಳು. ದೌರ್ಜನ್ಯ ಆದಮೇಲೆ ಆ ಹುಡುಗಿಗೆ, ಆ ಮನೆಗೆ ಏನು ಸಿಗಬೇಕು, ಯಾರು ಜೊತೆಗೆ ಬರಬೇಕು ಎಂಬ ಮಾಹಿತಿ ಮಾತ್ರ ಎರಡರಲ್ಲೂ ಇರುವುದಿಲ್ಲ.

ಸೆಕ್ಷನ್ 233ರ ಕಥೆ

ಹಳೆಯ ಐಪಿಸಿಯ 233ನೇ ಸೆಕ್ಷನ್ ಇದ್ದದ್ದು ಖೋಟಾ ನಾಣ್ಯ ತಯಾರಿಸುವ ಉಪಕರಣದ ಬಗ್ಗೆ. ಅತ್ಯಾಚಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು ಹೊಸದೇನೂ ಅಲ್ಲ. ಐಪಿಸಿಯ 100ನೇ ಸೆಕ್ಷನ್‌ನಲ್ಲಿ ಇತ್ತು, ಈಗ ಸಂಹಿತೆಯ 38ನೇ ಸೆಕ್ಷನ್‌ನಲ್ಲಿದೆ. ಅತ್ಯಾಚಾರದ ಉದ್ದೇಶದಿಂದ ಹಲ್ಲೆ ನಡೆಯುತ್ತಿರುವಾಗ ತಡೆಯಲು ಬೇರೆ ದಾರಿಯಿಲ್ಲದಿದ್ದರೆ ಆ ಹಕ್ಕು ಎದುರಾಳಿಯ ಪ್ರಾಣ ಹೋಗುವ ಮಟ್ಟಕ್ಕೂ ವಿಸ್ತರಿಸುತ್ತದೆ. ಆಮೇಲೆ ಹುಡುಕಿಕೊಂಡು ಹೋಗಿ ಹೊಡೆಯುವುದಕ್ಕೆ ಅನುಮತಿ ಇಲ್ಲ.

ಫೋಟೋ ಹಂಚಿದರೆ ಏನಾಗುತ್ತದೆ?

ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅತ್ಯಾಚಾರ ಸಂತ್ರಸ್ತೆಯ ಹೆಸರು ಅಥವಾ ಗುರುತು ತಿಳಿಯುವಂಥದ್ದನ್ನು ಪ್ರಕಟಿಸಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಸಂತ್ರಸ್ತೆ ಮಗುವಾಗಿದ್ದರೆ ಪೋಕ್ಸೊ ಕಾಯ್ದೆ ಇನ್ನೂ ಬಿಗಿ. ಹೆಸರು, ವಿಳಾಸ, ಫೋಟೋ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಮಾಧ್ಯಮಗಳು ಬಹಿರಂಗ ಮಾಡುವಂತಿಲ್ಲ. ಗುರುತನ್ನು ಪರೋಕ್ಷವಾಗಿ ಕೂಡ ಬಿಟ್ಟುಕೊಡಬಾರದು, ಸಂತ್ರಸ್ತೆ ತೀರಿಹೋಗಿದ್ದರೂ ಈ ರಕ್ಷಣೆ ಇರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ.

ಬೆಂಗಳೂರಿನಂಥ ಮಹಾನಗರದಲ್ಲಿ ಹೆಸರಿಲ್ಲದ ಸುದ್ದಿ ಕಳೆದುಹೋಗಬಹುದು. ನೆಲಮಂಗಲ ತಾಲ್ಲೂಕಿನ ಇನ್ನೂರು ಮನೆಯ ಹಳ್ಳಿಯಲ್ಲಿ ಹಾಗಲ್ಲ. 'ಇಂಥ ಊರಿನ ಒಂಬತ್ತನೇ ಕ್ಲಾಸಿನ ಹುಡುಗಿ, ತಂದೆ ಆಟೋ ಓಡಿಸುತ್ತಾರೆ' ಎಂದರೆ ಸಾಕು, ಹೆಸರು ಬೇಕಿಲ್ಲ. ಆ ಮೆಸೇಜ್ ಹರಿದಾಡಿದ ಮೇಲೆ ಆಕೆ ಅದೇ ಶಾಲೆಗೆ ಹೋಗಬೇಕು, ಅದೇ ಬಸ್ ಹತ್ತಬೇಕು. ಎಷ್ಟೋ ಮನೆಯವರು ದೂರು ಕೊಡಲು ಹಿಂಜರಿಯುವುದೇ ಈ ಭಯಕ್ಕೆ.

ಹಾಗಾದರೆ ಜೊತೆಗೆ ಬರುವವರು ಯಾರು?

ಸಂತ್ರಸ್ತರ ಪರ ನಿಲ್ಲುವವರು ಎಂದರೆ ನಮಗೆ ನೆನಪಾಗುವುದು ಕಪ್ಪು ಕೋಟಿನ ವಕೀಲರು. ಆದರೆ ಈ ಕೆಲಸ ಮಾಡುವವರು ಹೆಚ್ಚಾಗಿ ವಕೀಲರಲ್ಲ. ಸಮಾಜ ಕಾರ್ಯಕರ್ತರು, ಆಪ್ತಸಮಾಲೋಚಕರು, ಸಖಿ ಕೇಂದ್ರದ ಸಿಬ್ಬಂದಿ, ಸಂಘಟನೆಗಳ ಮಹಿಳೆಯರು. ಪೋಕ್ಸೊ ನಿಯಮಗಳಲ್ಲಿ ಇವರಿಗೊಂದು ಹೆಸರೂ ಇದೆ, 'ಬೆಂಬಲ ವ್ಯಕ್ತಿ'. ದೂರು ದಾಖಲಾದ ಮೇಲೆ ತನಿಖೆಯಿಂದ ತೀರ್ಪಿನವರೆಗೆ ಮಗುವಿನ ಜೊತೆಗೆ, ಮನೆಯವರ ಜೊತೆಗೆ ಇರುವುದೇ ಅವರ ಕೆಲಸ.

ಒಂದು ಕಲ್ಪಿತ ಉದಾಹರಣೆ ನೋಡೋಣ. ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆ. ತಂದೆ ಪವರ್‌ಲೂಮ್ ನಡೆಸುತ್ತಾರೆ, ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. 14 ವರ್ಷದ ಮಗಳು ಒಂದು ಸಂಜೆ, ಪರಿಚಯದವನೇ ಒಬ್ಬ ತನಗೆ ಏನು ಮಾಡಿದ ಎಂದು ಅಮ್ಮನಿಗೆ ಹೇಳುತ್ತಾಳೆ. ಈಗ ಏನಾಗಬೇಕು?

ಠಾಣೆಯಲ್ಲಿ

'ನಮ್ಮ ವ್ಯಾಪ್ತಿಗೆ ಬರಲ್ಲ, ಆ ಠಾಣೆಗೆ ಹೋಗಿ' ಎಂಬ ಮಾತು ಈ ಜಿಲ್ಲೆಯಲ್ಲಿ ಇನ್ನಷ್ಟು ಗೊಂದಲ ಹುಟ್ಟಿಸುತ್ತದೆ. ದೊಡ್ಡಬಳ್ಳಾಪುರದ ಠಾಣೆ ಬೆಂಗಳೂರು ಜಿಲ್ಲಾ ಪೊಲೀಸರದು, ದೇವನಹಳ್ಳಿಯ ವಿಮಾನ ನಿಲ್ದಾಣದ ಠಾಣೆ ಬೆಂಗಳೂರು ನಗರ ಪೊಲೀಸರದು. ಎಲ್ಲಿ ಗಡಿ ಮುಗಿಯುತ್ತದೆ ಎಂದು ಜನರಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಇದನ್ನೇ 'ಝೀರೋ ಎಫ್‌ಐಆರ್' ಎನ್ನುವುದು. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಲೈಂಗಿಕ ದೌರ್ಜನ್ಯದ ದೂರನ್ನು ದಾಖಲಿಸಿಕೊಳ್ಳದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಸೆಕ್ಷನ್‌ನಲ್ಲಿ ಶಿಕ್ಷೆಯಿದೆ.

ಮಗುವನ್ನು ಠಾಣೆಗೆ ಕರೆದುಕೊಂಡು ಹೋಗಿ ಕೂರಿಸಲೇಬೇಕೆಂದಿಲ್ಲ. ಪೋಕ್ಸೊ ಕಾಯ್ದೆಯಂತೆ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರದಲ್ಲಿ ಇರಬಾರದು. ತಾಯಿತಂದೆ ಅಥವಾ ಮಗು ನಂಬುವ ಯಾರಾದರೂ ಪಕ್ಕದಲ್ಲಿರಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ವಯಸ್ಕ ಮಹಿಳೆಗೂ ಅತ್ಯಾಚಾರ ಪ್ರಕರಣದಲ್ಲಿ ಮನೆಯಲ್ಲೇ ಹೇಳಿಕೆ ಕೊಡುವ ಹಕ್ಕಿದೆ. ಆಗ ಪೋಷಕರು, ಹತ್ತಿರದ ಬಂಧು ಅಥವಾ ಆ ಪ್ರದೇಶದ ಸಮಾಜ ಕಾರ್ಯಕರ್ತರು ಜೊತೆಗಿರಬಹುದು ಎಂದು ಸುರಕ್ಷಾ ಸಂಹಿತೆಯೇ ಹೇಳುತ್ತದೆ.

ಕಾನೂನು ಇಷ್ಟೆಲ್ಲ ಹೇಳಿದೆ ಎಂದು ಗಾಬರಿಯಲ್ಲಿರುವ ತಂದೆಗೆ ನೆನಪಾಗುವುದಿಲ್ಲ. ಪಕ್ಕದಲ್ಲಿ ನಿಂತು 'ಸರ್, ಮಗುವಿನ ಹೇಳಿಕೆ ಮನೆಯಲ್ಲೇ ತಗೊಳ್ಳಿ' ಎಂದು ಮೆಲ್ಲಗೆ ಹೇಳುವ ಒಬ್ಬರು ಬೇಕಾಗುವುದು ಅದಕ್ಕೇ.

ಆಸ್ಪತ್ರೆಯಲ್ಲಿ

'ಪೊಲೀಸ್ ಪತ್ರ ಇಲ್ಲದೆ ಮುಟ್ಟಲ್ಲ' ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಅತ್ಯಾಚಾರ, ಆ್ಯಸಿಡ್ ದಾಳಿ ಮತ್ತು ಪೋಕ್ಸೊ ಸಂತ್ರಸ್ತರಿಗೆ ಉಚಿತವಾಗಿ ಚಿಕಿತ್ಸೆ ಕೊಡಬೇಕು, ಪೊಲೀಸರಿಗೆ ತಿಳಿಸಬೇಕಾದ್ದೂ ಆಸ್ಪತ್ರೆಯೇ. ಚಿಕಿತ್ಸೆ ಕೊಡದಿದ್ದರೆ ನ್ಯಾಯ ಸಂಹಿತೆಯ 200ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು.

'ಸ್ನಾನ ಮಾಡಿಬಿಟ್ಟಿದ್ದಾಳೆ, ಇನ್ನು ಕೇಸ್ ನಿಲ್ಲಲ್ಲ' ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಸ್ನಾನ ಮಾಡದಿದ್ದರೆ ಒಳ್ಳೆಯದು, ನಿಜ. ಆದರೆ ಮಾಡಿದ್ದರೂ ಆಸ್ಪತ್ರೆಗೆ ಹೋಗಬೇಕು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಂತೆ 96 ಗಂಟೆಯವರೆಗೂ ಮಾದರಿ ಸಂಗ್ರಹಿಸಬಹುದು. ಆ ಹೊತ್ತಿನ ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ. ಒಳಗೆ ತೇವ ಕೂತು ಬೂಷ್ಟು ಬಂದು ಸಾಕ್ಷ್ಯ ಕೆಡುತ್ತದೆ. ಅದಕ್ಕಿಂತ ಮುಖ್ಯ, ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಗರ್ಭ ತಡೆಯುವ ಮಾತ್ರೆಯೂ ಬೇಗ ಕೊಟ್ಟಷ್ಟೂ ಒಳ್ಳೆಯದು. ಇಲ್ಲಿ ಗಡಿಯಾರ ಓಡುವುದು ಕೇಸಿಗಿಂತ ಮೊದಲು ಆರೋಗ್ಯಕ್ಕಾಗಿ.

'ಎರಡು ಬೆರಳಿನ ಪರೀಕ್ಷೆ'ಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಸುಪ್ರೀಂ ಕೋರ್ಟ್ 2013ರಲ್ಲೇ ಅದನ್ನು ತಪ್ಪೆಂದಿತ್ತು. ಅದನ್ನು ನಡೆಸುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್ 31ರಂದು ಮತ್ತೆ ಹೇಳಿತು. ಯಾವ ಪರೀಕ್ಷೆಯಾದರೂ ಒಪ್ಪಿಗೆ ಪಡೆದೇ ಮಾಡಬೇಕು. ಅದನ್ನು ವಿವರಿಸಿ, ಕೈ ಹಿಡಿದು ಕೂರುವುದೂ ಜೊತೆಗಾರರ ಕೆಲಸವೇ.

'ಕೂಗಲಿಲ್ಲ ಯಾಕೆ?'

ಊರಿನ ಜನ ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ನಮ್ಮ ದೇಹದಲ್ಲಿದೆ. ಅತಿಯಾದ ಭಯದಲ್ಲಿ ದೇಹ ಓಡುವುದೂ ಇಲ್ಲ, ಹೊಡೆದಾಡುವುದೂ ಇಲ್ಲ, ಮರಗಟ್ಟಿ ಹೋಗುತ್ತದೆ. ಕೈಕಾಲು ಆಡುವುದಿಲ್ಲ, ದನಿ ಹೊರಡುವುದಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರದ ನಂತರ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಬಂದ 298 ಮಹಿಳೆಯರನ್ನು ಅಧ್ಯಯನ ಮಾಡಿ 2017ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಶೇ. 70ರಷ್ಟು ಮಂದಿ ಹೀಗೆ ಗಣನೀಯವಾಗಿ ಮರಗಟ್ಟಿದ್ದರು. ದೇಹದಲ್ಲಿ ಪ್ರತಿರೋಧ ತೋರಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತೆಂದು ತಿಳಿಯಬಾರದು ಎಂದು ನಮ್ಮ ಕಾನೂನೂ ಹೇಳುತ್ತದೆ.

ನೆನಪೂ ಹಾಗೆಯೇ. ಅವನ ಅಂಗಿಯ ಬಣ್ಣ ನೆನಪಿರುತ್ತದೆ, ಗಂಟೆ ಎಷ್ಟಾಗಿತ್ತು ಎಂಬುದು ನೆನಪಿರುವುದಿಲ್ಲ. ಹೇಳುವಾಗ ಹಿಂದುಮುಂದಾಗುತ್ತದೆ. ಅದನ್ನು ಸುಳ್ಳಿನ ಗುರುತು ಎಂದುಕೊಳ್ಳಬೇಡಿ. ತರಬೇತಿ ಪಡೆದ ಜೊತೆಗಾರರು 'ಯಾಕೆ ಹೋದೆ, ಯಾಕೆ ಸುಮ್ಮನಿದ್ದೆ' ಎಂದು ಕೇಳುವುದೇ ಇಲ್ಲ. 'ನಿನ್ನ ತಪ್ಪಲ್ಲ' ಎಂದು ಶುರು ಮಾಡುತ್ತಾರೆ.

ಸಮಿತಿಯ ಮುಂದೆ, ಕೋರ್ಟಿನಲ್ಲಿ

ಪೋಕ್ಸೊ ಪ್ರಕರಣವನ್ನು ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಬೆಂಬಲ ವ್ಯಕ್ತಿಯನ್ನು ನೇಮಿಸುವುದು ಈ ಸಮಿತಿ, ಮಗು ಮತ್ತು ಪೋಷಕರ ಒಪ್ಪಿಗೆ ಪಡೆದು. ಇಂಥ ವ್ಯವಸ್ಥೆ ಇದೆ ಎಂದು ಪ್ರತಿಯೊಂದು ಪ್ರಕರಣದಲ್ಲೂ ಪೋಷಕರಿಗೆ ಹೇಳಲೇಬೇಕು, 'ಅವರು ಕೇಳಲಿಲ್ಲ' ಎಂದು ಬಿಡುವಂತಿಲ್ಲ ಎಂದು 2023ರ ಆಗಸ್ಟ್ 18ರಂದು ಸುಪ್ರೀಂ ಕೋರ್ಟ್ ಹೇಳಿತು.

ಬೆಂಬಲ ವ್ಯಕ್ತಿ ಮಾಡುವ ಕೆಲಸ ನೋಡುವುದಕ್ಕೆ ಚಿಕ್ಕದು. ಮುಂದಿನ ದಿನಾಂಕ ಯಾವಾಗ ಎಂದು ಹೇಳುವುದು. ಆರೋಪಿಗೆ ಜಾಮೀನು ಸಿಕ್ಕಿತೇ ಎಂದು ತಿಳಿಸುವುದು. ಕೋರ್ಟ್ ಹಾಲ್ ಹೇಗಿರುತ್ತದೆ, ಯಾರು ಎಲ್ಲಿ ಕೂರುತ್ತಾರೆ ಎಂದು ಮಗುವಿಗೆ ಮೊದಲೇ ಪರಿಚಯಿಸುವುದು. ಬಿಟ್ಟ ಶಾಲೆಗೆ ಮತ್ತೆ ಸೇರಿಸುವುದು. ಹೊರರಾಜ್ಯದಿಂದ ಕಾರ್ಖಾನೆ ಕೆಲಸಕ್ಕೆ ಬಂದ ಮನೆಯ ಮಗುವಾದರೆ ಭಾಷಾಂತರಕಾರರನ್ನು ಕೇಳುವುದು.

ಅವರು ಮಾಡಬಾರದ್ದೂ ಒಂದಿದೆ. 'ಹೀಗೆ ಹೇಳು' ಎಂದು ಮಗುವಿಗೆ ಹೇಳಿಕೊಡುವಂತಿಲ್ಲ. ಸಾಕ್ಷಿ ಮಗುವಿನದೇ. ಜೊತೆಗಾರರು ಭಯವನ್ನು ಕಡಿಮೆ ಮಾಡಬಹುದು, ಮಾತನ್ನು ಬದಲಿಸುವಂತಿಲ್ಲ.

ಕೋರ್ಟಿನಲ್ಲಿ ವಿಚಾರಣೆ ಗೌಪ್ಯವಾಗಿ ನಡೆಯುತ್ತದೆ. ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ಪಾಟೀಸವಾಲಿನ ಪ್ರಶ್ನೆಯೂ ನ್ಯಾಯಾಧೀಶರ ಮೂಲಕವೇ ಬರಬೇಕು. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ತಡವಾದಷ್ಟೂ ಮನೆಯವರು ಸೋಲುತ್ತಾರೆ, ಸಾಕ್ಷಿಗಳು ಹಿಂದೆ ಸರಿಯುತ್ತಾರೆ. ಆ ಮನೆಯವರು ಸುಸ್ತಾಗಿ ಕೈಚೆಲ್ಲದಂತೆ ನೋಡಿಕೊಳ್ಳುವುದೇ ಈ ಕೆಲಸದ ಅತಿ ಕಷ್ಟದ ಭಾಗ.

ಗಂಡ ಹೊಡೆದರೆ ಕೇಸೊಂದೇ ದಾರಿಯೇ?

ಅಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. 'ಅವನು ಜೈಲಿಗೆ ಹೋಗೋದು ಬೇಡ, ಹೊಡೆಯೋದು ನಿಲ್ಲಲಿ' ಎನ್ನುವ ಹೆಣ್ಣುಮಕ್ಕಳಿಗೆ ಇದು ಉಪಯೋಗಕ್ಕೆ ಬರುತ್ತದೆ. ಹಿಂಸೆ ನಿಲ್ಲಿಸುವ ಆದೇಶ, ಖರ್ಚಿಗೆ ಹಣ, ಮಕ್ಕಳ ಸುಪರ್ದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. 'ಮನೆ ಅತ್ತೆ ಹೆಸರಲ್ಲಿದೆ, ಹೊರಗೆ ನಡಿ' ಎನ್ನುವ ಹಾಗಿಲ್ಲ. ಒಟ್ಟಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು 17ನೇ ಸೆಕ್ಷನ್ ಕೊಡುತ್ತದೆ. ಕೋರ್ಟಿನ ಆದೇಶ ಮುರಿದರೆ ಮಾತ್ರ ಜೈಲಿನ ಮಾತು ಬರುತ್ತದೆ.

ಇದಕ್ಕೆ ವಕೀಲರನ್ನು ಹುಡುಕಿ ಬೆಂಗಳೂರಿಗೆ ಹೋಗಬೇಕಿಲ್ಲ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಸಿಡಿಪಿಒಗಳೇ, ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಹೊಸಕೋಟೆಯ ಮಹಿಳೆ ಹೊಸಕೋಟೆಯ ಸಿಡಿಪಿಒ ಕಚೇರಿಗೆ ಹೋದರೆ ಅಲ್ಲೇ ಕೌಟುಂಬಿಕ ಘಟನಾ ವರದಿ ಬರೆಸಬಹುದು. ಆ ಕಚೇರಿ ಎಲ್ಲಿದೆ ಎಂದು ನಿಮ್ಮೂರಿನ ಅಂಗನವಾಡಿ ಟೀಚರ್‌ಗೆ ಗೊತ್ತಿರುತ್ತದೆ.

ದುಡ್ಡಿಲ್ಲದವರ ಗತಿ?

ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಕೊಡಬೇಕಾದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂಘಸಂಸ್ಥೆ, ಸಮಾಜ ಕಾರ್ಯಕರ್ತರು ಅಥವಾ ವಕೀಲರ ನೆರವು ಪಡೆಯುವುದೇ ಸಂತ್ರಸ್ತರ ಹಕ್ಕು ಎಂದು 15ಎ ಸೆಕ್ಷನ್‌ನಲ್ಲಿ ಬರೆದಿದೆ.

'ಪರಿಹಾರ ಸಿಗೋದು ಕೇಸ್ ಗೆದ್ದಮೇಲೆ' ಎಂಬುದೂ ತಪ್ಪು. ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ 2011ರಿಂದ ಇದೆ. ಆರೋಪಿ ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು. ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ತುರ್ತಿದ್ದರೆ ಮಧ್ಯಂತರ ಪರಿಹಾರವೂ ಉಂಟು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರ ಸಂತ್ರಸ್ತೆಗೆ 4ರಿಂದ 7 ಲಕ್ಷ ರೂಪಾಯಿ ಎಂದಿದೆ. ಹಣದಿಂದ ಆದದ್ದು ಅಳಿಸಿಹೋಗುವುದಿಲ್ಲ. ಆದರೆ ಸಾಕ್ಷಿ ಹೇಳಲು ಹೋಗಿ ಕೂಲಿ ಕಳೆದುಕೊಂಡ ಮನೆಗೆ ಅದು ಆಸರೆ.

ಇದೆಲ್ಲ ಎಲ್ಲಿಂದ ಶುರುವಾಯಿತು?

ಬೆಂಗಳೂರಿನಲ್ಲಿ ಇದಕ್ಕೆ ದೊಡ್ಡ ಚರಿತ್ರೆಯೇ ಇದೆ. 1979ರಲ್ಲಿ ಹುಟ್ಟಿದ 'ವಿಮೋಚನಾ' ಸಂಘಟನೆಯ ಮಹಿಳೆಯರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಅಲ್ಲಿದ್ದ ಹೆಣ್ಣುಮಕ್ಕಳ ಪಕ್ಕ ಕೂರುತ್ತಿದ್ದರು. ದಾಖಲೆಯಲ್ಲಿ ಸಾಲುಸಾಲಾಗಿ 'ಸ್ಟೌ ಸಿಡಿದು', 'ಅಡುಗೆ ಮಾಡುವಾಗ ಆಕಸ್ಮಿಕ'. ಮದುವೆಯಾದ ಚಿಕ್ಕ ವಯಸ್ಸಿನ ಹೆಂಗಸರೇ ಯಾಕೆ ಸ್ಟೌ ಸಿಡಿದು ಸಾಯುತ್ತಾರೆ ಎಂಬ ಅವರ ಪ್ರಶ್ನೆ ಸರ್ಕಾರದವರೆಗೂ ಮುಟ್ಟಿತು. ಊರೆಲ್ಲ ನಂಬಿದ್ದ ಒಂದು ಮಾತು ಸುಳ್ಳಿರಬಹುದು ಎಂದು ತಿಳಿದದ್ದು ಯಾರೋ ಒಬ್ಬರು ಹಾಸಿಗೆ ಪಕ್ಕ ಕೂತು ಕೇಳಿಸಿಕೊಂಡದ್ದರಿಂದ.

2000-01ರಲ್ಲಿ ರಾಜ್ಯ ಸರ್ಕಾರ 'ಸಾಂತ್ವನ' ಯೋಜನೆ ತಂದಿತು. 2015ರ ಏಪ್ರಿಲ್‌ನಿಂದ ಕೇಂದ್ರದ 'ಸಖಿ' ಒನ್ ಸ್ಟಾಪ್ ಕೇಂದ್ರಗಳು ಬಂದವು. ಚಿಕಿತ್ಸೆ, ಪೊಲೀಸ್ ನೆರವು, ಸಮಾಲೋಚನೆ, ಕಾನೂನು ಸಲಹೆ, ಐದು ದಿನದವರೆಗೆ ತಂಗುವ ವ್ಯವಸ್ಥೆ ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ.

ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಮೊದಲನೆಯದು ದೂರ. ಜಿಲ್ಲಾಡಳಿತ ಭವನ ಇರುವುದು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ. ನೆಲಮಂಗಲದ ಒಳಹಳ್ಳಿಯಿಂದ, ಹೊಸಕೋಟೆಯ ಗಡಿಯೂರಿಂದ ಅಲ್ಲಿಗೆ ಬರಲು ಬಸ್ ಬದಲಿಸಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಎರಡನೆಯದು ಜಗಲಿಯ ರಾಜಿ. 'ಊರಿನ ಮರ್ಯಾದೆ, ಮುಂದೆ ಮದುವೆ ಆಗಬೇಕಲ್ಲ, ಇಷ್ಟು ಹಣ ತಗೊಂಡು ಬಿಟ್ಟುಬಿಡಿ' ಎನ್ನುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಅತ್ಯಾಚಾರ ಮತ್ತು ಪೋಕ್ಸೊ ರಾಜಿಯಾಗುವ ಅಪರಾಧಗಳಲ್ಲ. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಎಂದು ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಿದೆ. ಹಾಗೆ ರಾಜಿ ಮಾಡಿಸುವವರೂ ಈ ಮಾತು ನೆನಪಿಡಬೇಕು.

ಮೂರನೆಯದು ಜೊತೆಗಾರರ ಬಳಲಿಕೆ. ದಿನವೂ ಇಂಥದ್ದನ್ನೇ ಕೇಳಿಸಿಕೊಳ್ಳುವವರಿಗೂ ನಿದ್ದೆ ಹೋಗುತ್ತದೆ, ಮನಸ್ಸು ಕುಸಿಯುತ್ತದೆ. ಅವರನ್ನು 'ಮನೆ ಒಡೆಯೋಕೆ ಬಂದವರು' ಎಂದು ಬೈಯುವುದನ್ನಾದರೂ ನಾವು ನಿಲ್ಲಿಸಬಹುದು.

ನೀವು ಮಾಡಬಹುದಾದದ್ದು

ಯಾರಾದರೂ ನಿಮ್ಮ ಹತ್ತಿರ ಹೇಳಿಕೊಂಡರೆ ಮೊದಲು ನಂಬಿ, ಪೂರ್ತಿ ಕೇಳಿ. ಪದೇ ಪದೇ ವಿವರ ಕೆದಕಬೇಡಿ. ಅದನ್ನು ವಿಡಿಯೋ ಮಾಡಬೇಡಿ. ಆಸ್ಪತ್ರೆಗೆ, ಠಾಣೆಗೆ ಜೊತೆಗೆ ಹೋಗಿ. ಪೋಕ್ಸೊ ಆದರೆ 'ಬೆಂಬಲ ವ್ಯಕ್ತಿ ಬೇಕು' ಎಂದು ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳಿ. ಗ್ರೂಪಿಗೆ ಫೋಟೋ ಬಂದರೆ ಮುಂದೆ ಕಳಿಸದೆ ಅಳಿಸಿ, ಹಾಕಿದವರಿಗೂ ಅಳಿಸಲು ಹೇಳಿ.

ಹಂಚಲೇಬೇಕೆಂದರೆ ಈ ಐದು ಸಾಲು ಹಂಚಿ:

- ತುರ್ತು ನೆರವು, ಪೊಲೀಸ್: 112
- ಮಹಿಳಾ ಸಹಾಯವಾಣಿ, ಸಖಿ ಕೇಂದ್ರದ ಮಾಹಿತಿ: 181
- ಮಕ್ಕಳ ಸಹಾಯವಾಣಿ: 1098
- ಉಚಿತ ಕಾನೂನು ನೆರವು, ಪರಿಹಾರದ ಅರ್ಜಿ: 15100
- ಸೈಬರ್ ಅಪರಾಧ: 1930

ಆ ಹುಡುಗಿಯ ಮುಖ ಸಾವಿರ ಫೋನಿಗೆ ಹೋದರೆ ಆಕೆ ಮನೆಯಿಂದ ಹೊರಗೆ ಬರುವುದು ಕಷ್ಟವಾಗುತ್ತದೆ. ಈ ನಂಬರುಗಳು ಸಾವಿರ ಫೋನಿನಲ್ಲಿದ್ದರೆ, ಆಕೆ ಅಮ್ಮನ ಹತ್ತಿರ ಹೇಳಿಕೊಂಡ ಆ ಸಂಜೆ ಅಮ್ಮನಿಗೆ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿರುತ್ತದೆ.